ಎತ್ತರದ ಪೈನ್ ಮರದ ಬೀಜ ಸಾಕಾ?

ತೋಪಿನಲ್ಲಿ ಎಲ್ಲಕ್ಕಿಂತ ಎತ್ತರ ಬೆಳೆದ ಪೈನ್ ಮರದ ಬೀಜ ಹಾಕಿದರೆ ಸಸಿಗಳೂ ಹಾಗೇ ಬೆಳೆದು ರೋಗವನ್ನೂ ತಡೆಯುತ್ತವಾ ಅಂತ ಕೇಳಿದ್ದೀರಿ. ಬರೀ ಎತ್ತರ ನೋಡಿ ಆರಿಸಬೇಡಿ. ಅದರಲ್ಲಿ ಮಣ್ಣು, ನೀರು, ಬೆಳಕಿನ ಪಾಲೇ ಜಾಸ್ತಿ. ಪರಾಗವೂ ಗಾಳಿಯಲ್ಲಿ ಬಂದದ್ದು, ತಂದೆ ಮರ ಯಾವುದೋ ಗೊತ್ತಿರಲ್ಲ ಅಲ್ವಾ?

ರೋಗ ತಡೆಯುವ ಗುಣದ ಲೆಕ್ಕ ಬೇರೆ. ಅಮೆರಿಕದ ಲಾಬ್ಲಾಲಿ ಅನ್ನುವ ಜಾತಿಯ ಪೈನ್‌ಗೆ ಶಿಲೀಂಧ್ರದಿಂದ ಹರಡುವ ಫ್ಯೂಸಿಫಾರ್ಮ್ ತುಕ್ಕುರೋಗ ಬಂದರೆ ಕಾಂಡದಲ್ಲಿ ಕದಿರಿನಂತೆ ನಡು ಉಬ್ಬಿದ ಗಂಟು ಮೂಡುತ್ತದೆ. ಜೋರು ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ಇದನ್ನು ತಡೆಯುವ ಎಫ್‌ಆರ್1 ಅನ್ನುವ ಜೀನ್ ಪತ್ತೆಯಾಗಿದೆ, ಆದರೆ ಆ ಶಿಲೀಂಧ್ರದ ಎಲ್ಲ ಬಗೆಗಳ ಮುಂದೆ ಅದೊಂದೇ ನಿಲ್ಲುವುದಿಲ್ಲ.

ಹಲವು ತಾಯಿಮರಗಳ ಬೀಜ ಬೇರೆ ಬೇರೆ ಇಡಿ. ಗುರುತು ಹಾಕಿ ಎರಡು ಮೂರು ಜಾಗದಲ್ಲಿ ನೆಡಿ. ಕೆಲವು ವರ್ಷ ಎತ್ತರ, ಗಂಟು, ಕವಲು ಮೂರನ್ನೂ ಬರೆದಿಡಿ.