ಗಟ್ಟಿಯಾಗದ ಬೆಲ್ಲವನ್ನು ಚೆಲ್ಲಬೇಕಾಗಿಲ್ಲ
ಸರ್, ಮುಧೋಳದ ನಿಮ್ಮ ಗಾಣದಲ್ಲಿ ಮಳೆಗೆ ಒರಗಿದ ಕಬ್ಬಿನಿಂದ ಮಾಡಿದ ಬೆಲ್ಲ ಪೆಂಟಿಯಾಗದೆ (ಗಟ್ಟಿ ಅಚ್ಚಾಗದೆ) ಅಂಟಂಟಾಗಿ ಉಳಿದಿದೆ, ಅದನ್ನು ದನಗಳಿಗೆ ಹಾಕಿಬಿಡಬೇಕೇ ಎಂದು ಕೇಳಿದ್ದೀರಿ. ಬೇಡ. ನೆಲಕ್ಕೊರಗಿದ ಅಥವಾ ಕಡಿದ ಮೇಲೆ ಕೆಲವು ದಿನ ಹೊಲದಲ್ಲೇ ಬಿದ್ದಿದ್ದ ಕಬ್ಬಿನ ರಸದಲ್ಲಿ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹೆಚ್ಚುತ್ತವೆ. ಇವು ಹರಳುಗಟ್ಟುವುದನ್ನು ತಡೆದು ಗಾಳಿಯ ತೇವವನ್ನೂ ಹೀರುವುದರಿಂದ, ಪಾಕವನ್ನು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೂ ಪೆಂಟಿ ಬಿಗಿಯಾಗುವುದು ಕಷ್ಟ. ಪೆಂಟಿಗೆ ದೋಷವೆನಿಸಿದ ಇದೇ ಗುಣ ಕಾಕಂಬಿಗೆ (ಕಾರ್ಖಾನೆಯ ಮೊಲಾಸಿಸ್ ಅಲ್ಲ, ತಿನ್ನುವ ದ್ರವಬೆಲ್ಲಕ್ಕೆ) ಅನುಕೂಲಕರ, ಏಕೆಂದರೆ ಅದು ತಳದಲ್ಲಿ ಸಕ್ಕರೆಯಾಗದೆ ತಿಳಿಯಾಗಿ ಉಳಿಯಬೇಕು.

ಹುಳಿ ವಾಸನೆ ಬಂದಿರದಿದ್ದರೆ, ಬೆಲ್ಲಕ್ಕೆ ಸ್ವಲ್ಪ ಶುದ್ಧ ನೀರು ಸೇರಿಸಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಮತ್ತೆ ಕುದಿಸಿ, 105-106 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸಿ, ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗಳಿಗೆ ತುಂಬಿರಿ. ಅದಕ್ಕಿಂತ ಮೊದಲೇ ಇಳಿಸಿದರೆ ನೀರಿನಂಶ ಉಳಿದು ಹುಳಿತು ನೊರೆ ಬರುತ್ತದೆ. ಬಣ್ಣ ತುಸು ಕಪ್ಪಾದೀತು. ಅದನ್ನು ತಿಳಿಗೊಳಿಸಲು ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ರಾಸಾಯನಿಕ) ಹಾಕುವ ಗೋಜಿಗೆ ಮಾತ್ರ ಹೋಗಬೇಡಿ. ಪೆಂಟಿಯ ಬಣ್ಣ ನೋಡಿ ದರ ಕಟ್ಟುವ ಪೇಟೆಗಿಂತ, ಚಪಾತಿಗೆ ಹಚ್ಚಿಕೊಂಡು ತಿನ್ನುವ ಮನೆಗಳಿಗೇ ನೇರವಾಗಿ ಮಾರುವುದು ಮೇಲೆಂಬುದು ನನ್ನ ಅಭಿಪ್ರಾಯ. ಮುಂದಿನ ಸಲ ಒರಗಿದ ಕಬ್ಬನ್ನು ಬೇರೆಯಾಗಿ ಇಟ್ಟು, ಮೊದಲೇ ಕಾಕಂಬಿಗೆಂದು ಅರೆಯಿರಿ.