ಆ ಹನ್ನೊಂದು ದಿನಗಳನ್ನು ಯಾವ ಅಕ್ಷರದಲ್ಲಿ ಬರೆಯುತ್ತೀರಿ?

ಕಲಬುರಗಿಯಿಂದ ಬಂದ ಒಂದು ಪತ್ರವನ್ನು ಈ ವಾರ ಮೂರು ಸಲ ಓದಿದೆ. ಬರೆದವರಿಗೆ 29 ವರ್ಷ. ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಅವರ ತಂದೆಯ ತೊಗರಿ ಬೇಳೆ ಮಿಲ್ ಇದೆ, ಬಿ.ಕಾಂ. ಮುಗಿಸಿದಂದಿನಿಂದ ಅಲ್ಲಿಯ ಲೆಕ್ಕಪತ್ರ, ಜಿಎಸ್‌ಟಿ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಇವರೇ ನೋಡುತ್ತಿದ್ದಾರೆ. ತಂದೆಗೆ 63. ಬರುವ ಸುಗ್ಗಿಯಿಂದ ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಖರೀದಿಯನ್ನೂ ಮಗನೇ ವಹಿಸಿಕೊಳ್ಳಬೇಕು, ರೈತರ ಜೊತೆ, ದಲಾಲರಾದ ಅಡತಿಯವರ ಜೊತೆ ಅವನೇ ಮಾತಾಡಬೇಕು ಎಂದು ಅವರು ಹಟ ಹಿಡಿದಿದ್ದಾರೆ. ಮಗನಿಗೆ ಅದು ತನ್ನಿಂದಾಗದು ಎಂಬ ನಂಬಿಕೆ. ಕಾರಣ, ಒಂದೂವರೆ ವರ್ಷದ ಹಿಂದೆ ಹೈದರಾಬಾದಿನಲ್ಲಿರುವ ಅಕ್ಕನ ಗಂಡ ಮೊಬೈಲಿಗೆ ಕಳಿಸಿದ ವ್ಯಕ್ತಿತ್ವ ಪರೀಕ್ಷೆಯಲ್ಲಿ ಇವರಿಗೆ ಬಂದ ನಾಲ್ಕು ಅಕ್ಷರಗಳು: ಐ, ಎನ್, ಎಫ್, ಪಿ. ಅಂದರೆ ಅಂತರ್ಮುಖಿ, ಒಳಹೊಳಹನ್ನು ನೆಚ್ಚುವವನು, ಭಾವನೆಯಿಂದ ತೀರ್ಮಾನಿಸುವವನು, ಕಟ್ಟುಪಾಡು ಒಗ್ಗದವನು. "ಇಂಥ ಸ್ವಭಾವದವನು ಗಂಜಿನಲ್ಲಿ ನಿಂತು ದರ ಕೂಗಲಾರ ಎಂಬುದನ್ನು ಅಪ್ಪನಿಗೆ ಹೇಗೆ ತಿಳಿಸಲಿ?" ಎಂಬುದು ಅವರ ಪ್ರಶ್ನೆ.

ಪ್ರಿಯ ಓದುಗರೇ, ನಿಮ್ಮ ಪ್ರಶ್ನೆಗೆ ಬರುವ ಮೊದಲು ನಿಮ್ಮ ಪತ್ರದ ನಾಲ್ಕನೆಯ ಪುಟಕ್ಕೆ ಹೋಗಬೇಕಾಗಿದೆ. ಅಲ್ಲಿ ನೀವು ಹೀಗೆ ಬರೆದಿದ್ದೀರಿ: "ಹೋದ ಜನವರಿಯಲ್ಲಿ ಅಪ್ಪನನ್ನು ಹೃದಯದ ಚಿಕಿತ್ಸೆಗೆಂದು ಸೊಲ್ಲಾಪುರಕ್ಕೆ ಕರೆದೊಯ್ದಾಗ ಹನ್ನೊಂದು ದಿನ ಗಂಜಿಗೆ ನಾನೇ ಹೋಗಿದ್ದೆ, ಹೇಗೋ ನಿಭಾಯಿಸಿದೆ." ಪರೀಕ್ಷೆಯ ಫಲಿತಾಂಶಕ್ಕೆ ಎರಡು ಪುಟ ಕೊಟ್ಟ ನೀವು ಈ ಹನ್ನೊಂದು ದಿನಗಳಿಗೆ ಕೊಟ್ಟಿದ್ದು ಅರ್ಧ ಪುಟ. ಆ ಅರ್ಧ ಪುಟದಲ್ಲಿ ಆಳಂದ ಕಡೆಯ ಒಬ್ಬ ರೈತರ ಸಂಗತಿ ಇದೆ. ಅವರ ಹದಿನಾಲ್ಕು ಚೀಲ ತೊಗರಿಯಲ್ಲಿ ತೇವಾಂಶ ಹೆಚ್ಚಿದೆ ಎಂದು ನಿಮ್ಮ ಗುಮಾಸ್ತರು ಪೂರ್ತಿ ಮಾಲಿಗೆ ದರ ಮುರಿಯಲು ಹೊರಟಾಗ ಅವರು ಸಿಟ್ಟಿಗೆದ್ದರು, ಸುತ್ತ ಜನ ಸೇರಿದರು. ನೀವು ಒಂದೂ ಮಾತಾಡದೆ ಒಂದೊಂದೇ ಚೀಲದ ಬಾಯಿ ಬಿಚ್ಚಿಸಿ, ಮೊಣಕೈವರೆಗೆ ಕೈ ಇಳಿಸಿ, ತಳದ ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿ ನೋಡಿದಿರಿ. ಹನ್ನೊಂದು ಚೀಲದ ಕಾಳು ಕಟಕ್ಕೆಂದು ಒಡೆಯಿತು. ಟ್ರ್ಯಾಕ್ಟರಿನ ತಳದಲ್ಲಿದ್ದ ಮೂರು ಚೀಲದ್ದು ಮಾತ್ರ ಮೆತ್ತಗಿತ್ತು. ಆ ಮೂರಕ್ಕಷ್ಟೇ ದರ ಇಳಿಸಿ ಉಳಿದದ್ದಕ್ಕೆ ಕೂಗಿದ ದರವನ್ನೇ ಕೊಟ್ಟಿರಿ. ಹೋಗುವಾಗ ಆ ಹಿರಿಯರು ಹೇಳಿದ್ದನ್ನೂ ನೀವೇ ಬರೆದಿದ್ದೀರಿ: "ತಮ್ಮಾ, ನಿಮ್ಮಪ್ಪಾರು ಲೆಕ್ಕ ಹೇಳ್ತಾರ, ನೀ ಕುಂತು ಕೇಳ್ತಿ."

ಇಷ್ಟು ಬರೆದ ಮೇಲೆ ಮುಂದಿನ ಸಾಲಿಗೇ ನೀವು ಮತ್ತೆ ನಾಲ್ಕು ಅಕ್ಷರಗಳಿಗೆ ಮರಳಿಬಿಡುತ್ತೀರಿ. ಓದುತ್ತಿದ್ದ ನನಗೆ ಅಲ್ಲಿಯೇ ಸಂಕಟವಾಯಿತು.

ನೀವು ಇಷ್ಟು ನಂಬಿರುವ ಪರೀಕ್ಷೆಯ ಹುಟ್ಟನ್ನು ಸ್ವಲ್ಪ ತಿಳಿದುಕೊಳ್ಳಿ. ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಮಾನಸಿಕ ಮಾದರಿಗಳ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತುಗಳು ಜನರ ಬಾಯಿಗೆ ಬಂದದ್ದು ಅವರಿಂದ. ಅದನ್ನು ಓದಿ ಮೆಚ್ಚಿದ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಾರಿಗೆ ಯಾವ ಕೆಲಸ ಒಗ್ಗೀತು ಎಂದು ತಿಳಿಯುವ ಆಸೆಯಿಂದ ಪ್ರಶ್ನಾವಳಿಯೊಂದನ್ನು ಕಟ್ಟಿದರು. ಇಬ್ಬರೂ ಮನಶ್ಶಾಸ್ತ್ರದಲ್ಲಿ ಶಿಕ್ಷಣ ಪಡೆದವರಾಗಿರಲಿಲ್ಲ. ಅವರ ಕಾಳಜಿ ಪ್ರಾಮಾಣಿಕವಾಗಿತ್ತು ಎಂದೇ ನಾನು ತಿಳಿದಿದ್ದೇನೆ, ಮನುಷ್ಯರು ಒಬ್ಬರಿಂದ ಒಬ್ಬರು ಭಿನ್ನರು ಎಂಬುದನ್ನು ಗೌರವದಿಂದ ಕಾಣಬೇಕೆಂಬ ಅವರ ಮಾತೂ ಒಳ್ಳೆಯದೇ. ಆದರೆ ಅವರು ನಾಲ್ಕು ಜೋಡಿಗಳನ್ನಿಟ್ಟು, ಪ್ರತಿಯೊಬ್ಬರನ್ನೂ ಆ ಜೋಡಿಯ ಈ ಬದಿಗೋ ಆ ಬದಿಗೋ ನಿಲ್ಲಿಸಿ, ಜಗತ್ತಿನ ಜನರನ್ನೆಲ್ಲ 16 ಗುಂಪು ಮಾಡಿದರು. ತೊಡಕು ಇರುವುದು ಅಲ್ಲೇ. ಸಾವಿರ ಜನರನ್ನು ಅಳೆದು ನೋಡಿದರೆ ಬಹುಪಾಲು ಜನ ಎರಡು ತುದಿಗಳಲ್ಲಿ ಸಿಗುವುದಿಲ್ಲ, ನಡುವೆ ಸಿಗುತ್ತಾರೆ. ನಡುವಿಗೇ ಗೆರೆ ಎಳೆದಾಗ ಗೆರೆಯ ಆಚೆ ಈಚೆ ಕೂದಲೆಳೆಯ ಅಂತರದಲ್ಲಿ ನಿಂತವರು ಬೇರೆ ಬೇರೆ ಜಾತಿಯವರಂತೆ ಹೆಸರು ಪಡೆಯುತ್ತಾರೆ. ಕೆಲವೇ ವಾರ ಬಿಟ್ಟು ಮತ್ತೆ ಉತ್ತರಿಸಿದವರಲ್ಲಿ ಅನೇಕರಿಗೆ ಒಂದಾದರೂ ಅಕ್ಷರ ಬದಲಾಗುವುದು ಇದೇ ಕಾರಣಕ್ಕೆ. ಶುದ್ಧ ಅಂತರ್ಮುಖಿ ಎಂಬ ಮನುಷ್ಯನೇ ಇಲ್ಲ ಎಂದು ಸ್ವತಃ ಯೂಂಗ್ ಹೇಳಿದ್ದರು. ಇಂದಿನ ಸಂಶೋಧಕರು ಹೆಚ್ಚಾಗಿ ಐದು ಗುಣಗಳನ್ನು ಆಧರಿಸುತ್ತಾರೆ, ಅವನ್ನು ಹೆಚ್ಚು ಕಡಿಮೆಯ ಅಳತೆಯಲ್ಲಿ ಹೇಳುತ್ತಾರೆಯೇ ಹೊರತು ಯಾರನ್ನೂ ಖಾನೆಗೆ ಹಾಕುವುದಿಲ್ಲ.

ನಿಮ್ಮ ಪತ್ರದಲ್ಲಿಯೇ ಇದಕ್ಕೆ ಸಾಕ್ಷಿ ಇದೆ. ನಾಲ್ಕು ಸಲ ಪರೀಕ್ಷೆ ತೆಗೆದುಕೊಂಡಿದ್ದೀರಿ. ಮೊದಲ ಸಲ ನೂರಕ್ಕೆ 78 ಅಂತರ್ಮುಖಿ ಎಂದು ಬಂತು. ಫೆಬ್ರುವರಿಯಲ್ಲಿ, ಅಂದರೆ ಗಂಜಿನಿಂದ ಬಂದ ತಿಂಗಳೊಳಗೆ, ಅದೇ 53ಕ್ಕೆ ಇಳಿಯಿತು. "ಆ ದಿನ ಮನಸ್ಸು ಸರಿ ಇರಲಿಲ್ಲ" ಎಂದು ಫೆಬ್ರುವರಿಯದನ್ನು ತಳ್ಳಿಹಾಕಿದ್ದೀರಿ. ಮನಸ್ಸು ಸರಿಯಿಲ್ಲದ ದಿನ ಯಾವುದೆಂದು ನಿಶ್ಚಯಿಸಿದವರು ಯಾರು? ಮೊದಲನೆಯದನ್ನು ರಾತ್ರಿ ಹನ್ನೆರಡಕ್ಕೆ, ಅಪ್ಪನ ಜೊತೆ ಜಗಳವಾಡಿ ಊಟ ಬಿಟ್ಟು ಮಾಳಿಗೆಯ ಮೇಲೆ ಕುಳಿತಾಗ ತುಂಬಿದಿರೆಂದು ನೀವೇ ಬರೆದಿದ್ದೀರಲ್ಲ. ಈ ಅಂಕಣದಲ್ಲಿ ಹಲವು ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ರಾತ್ರಿ ಹತ್ತರ ಮೇಲೆ, ಹಸಿದ ಹೊಟ್ಟೆಯಲ್ಲಿ, ಯಾರೂ ತಮ್ಮ ಬದುಕಿನ ಲೆಕ್ಕ ತೆಗೆಯಬಾರದು.

ಫಲಿತಾಂಶದ ವಿವರಣೆ "ನನ್ನನ್ನೇ ನೋಡಿ ಬರೆದಂತಿತ್ತು, ಕಣ್ಣಲ್ಲಿ ನೀರು ಬಂತು" ಎಂದಿದ್ದೀರಿ. ಆ ಕಣ್ಣೀರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆಯಲ್ಲಿ ಯಾರೂ ನಿಮ್ಮನ್ನು ನೀವೇ ಎಂದು ಗುರುತಿಸಿ ಮಾತಾಡಿಸಿರಲಿಲ್ಲ ಎಂದು ಅದರಿಂದ ತಿಳಿಯುತ್ತದೆ. ಆದರೂ ಒಂದು ಸಂಗತಿ ಗೊತ್ತಿರಲಿ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಪ್ರತಿಯೊಬ್ಬರ ಕೈಗೂ ಅವರವರ ಫಲಿತಾಂಶವೆಂದು ಒಂದೊಂದು ಹಾಳೆ ಕೊಟ್ಟರು. ಎಷ್ಟು ನಿಜವೆಂದು ಅಂಕ ಹಾಕಲು ಹೇಳಿದಾಗ ಸರಾಸರಿ ಐದಕ್ಕೆ 4.26 ಬಂತು. ಎಲ್ಲರ ಹಾಳೆಯಲ್ಲಿಯೂ ಇದ್ದದ್ದು ಒಂದೇ ಬರಹ, ಅದರ ಸಾಲುಗಳನ್ನು ಜ್ಯೋತಿಷ್ಯದ ಪುಸ್ತಕದಿಂದ ಆರಿಸಿಕೊಂಡಿದ್ದರು. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಅಂಜಿಕೆ ಇದೆ ಎಂಬಂಥ ಮಾತು ಯಾರಿಗೆ ತನ್ನದೆನಿಸುವುದಿಲ್ಲ ಹೇಳಿ.

ಇನ್ನು ನಿಮ್ಮ ಭಾವನವರು. ಪತ್ರದಲ್ಲಿ ಅವರ ಬಗ್ಗೆ ಬಹಳ ಗೌರವ ಕಾಣುತ್ತದೆ. ನನಗೆ ಅಷ್ಟು ಗೌರವ ಮೂಡಲಿಲ್ಲ. ಒಬ್ಬ ಯುವಕನಿಗೆ ಪರೀಕ್ಷೆಯ ಕೊಂಡಿ ಕಳಿಸುವುದು ತಪ್ಪಲ್ಲ. ಆದರೆ ಹಬ್ಬಕ್ಕೆ ಬಂದವರು ಮನೆಮಂದಿಯೆಲ್ಲ ಕುಳಿತಿರುವಾಗ "ಇವನು ವ್ಯಾಪಾರಕ್ಕೆ ಹುಟ್ಟಿದವನೇ ಅಲ್ಲ, ಪರೀಕ್ಷೆಯೇ ಹೇಳಿದೆ" ಎಂದು ತೀರ್ಪು ಕೊಡುವುದು, ಅದೇ ಉಸಿರಿನಲ್ಲಿ ಮಿಲ್ ಮಾರಿದರೆ ಎಷ್ಟು ಬರಬಹುದೆಂದು ಕೇಳುವುದು ದೊಡ್ಡ ತಪ್ಪು. ಈ ಪರೀಕ್ಷೆಯನ್ನು ಹೊರತರುವ ಸಂಸ್ಥೆಯವರೇ ಇದರ ಆಧಾರದ ಮೇಲೆ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳಬಾರದು, ಬಿಡಲೂ ಬಾರದು ಎನ್ನುತ್ತಾರೆ. ಅಂಥದ್ದರಲ್ಲಿ ಅದರ ಒಂದು ಉಚಿತ ಅನುಕರಣೆಯನ್ನು ಹಿಡಿದು ಮನೆಯ ಮಗನಿಗೆ ಹಣೆಪಟ್ಟಿ ಕಟ್ಟಿದವರ ಮಾತನ್ನು ನೀವು ಒಂದೂವರೆ ವರ್ಷದಿಂದ ಹೊತ್ತು ತಿರುಗುತ್ತಿದ್ದೀರಿ.

ಹಾಗಾದರೆ ಗಂಜಿಗೆ ಹೋಗಲೇಬೇಕೆಂದು ಹೇಳುತ್ತಿದ್ದೇನೆಯೇ? ಇಲ್ಲ. ತಂದೆಯ ಹಟವನ್ನೂ ನಾನು ಬೆಂಬಲಿಸುವುದಿಲ್ಲ. ಆ ಹನ್ನೊಂದು ದಿನಗಳು ನೀವು ಮಾಡಬಲ್ಲಿರಿ ಎಂಬುದನ್ನು ತೋರಿಸಿವೆ, ಮಾಡಲು ನಿಮಗೆ ಮನಸ್ಸಿದೆಯೇ ಎಂಬುದನ್ನು ತೋರಿಸಿಲ್ಲ. ನಿಮಗೆ ಏನು ಬೇಕೆಂದು ಐದು ಪುಟಗಳ ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ನನ್ನ ಸ್ವಭಾವಕ್ಕೆ ಹೊಂದದು ಎಂದು ಏಳು ಕಡೆ ಬರೆದಿದ್ದೀರಿ, ನನಗೆ ಬೇಡ ಎಂದು ಒಂದು ಕಡೆಯೂ ಇಲ್ಲ. ಅಪ್ಪನಿಗೆ ಎದುರಾಡುವ ಹೊಣೆಯನ್ನು ನಾಲ್ಕು ಅಕ್ಷರಗಳ ಮೇಲೆ ಹೊರಿಸಿದರೆ ನೀವು ಬೈಸಿಕೊಳ್ಳುವುದು ತಪ್ಪುತ್ತದೆ, ನಿಜ. ಹಾಗೆಯೇ ಅವರು ನಿಮ್ಮ ಮಾತನ್ನು ಕೇಳುವುದೂ ತಪ್ಪುತ್ತದೆ. ಜೀವನವಿಡೀ ಕೈಯಲ್ಲಿ ಕಾಳು ಹಿಡಿದು ದರ ಕಟ್ಟಿದ ಮನುಷ್ಯನಿಗೆ ಮೊಬೈಲಿನ ಅಕ್ಷರಗಳು ನೆಪದಂತೆ ಕೇಳಿಸಿದರೆ ಅವರನ್ನು ದೂರಲಾಗದು.

ಮಾಡಬೇಕಾದದ್ದು ಒಂದೇ ಕೆಲಸ. ಬರುವ ಭಾನುವಾರ ಬೆಳಿಗ್ಗೆ, ನಾಷ್ಟಾ ಆದ ಮೇಲೆ, ಅಪ್ಪನನ್ನು ಮಿಲ್ಲಿಗೆ ಕರೆದುಕೊಂಡು ಹೋಗಿ. ಹಮಾಲರಿಲ್ಲದ ಆ ಹೊತ್ತಿನಲ್ಲಿ ಇಬ್ಬರೇ ಕುಳಿತು, ಜನವರಿಯ ಹನ್ನೊಂದು ದಿನಗಳನ್ನು ಮೊದಲ ದಿನದಿಂದ ಹೇಳಿ: ಯಾರ ಮಾಲು, ಯಾವ ದರ, ಎಲ್ಲಿ ಕೈ ನಡುಗಿತು, ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಲಗಿದ್ದು, ಆಳಂದದ ಹಿರಿಯರು ಹೇಳಿದ ಮಾತು, ಎಲ್ಲವನ್ನೂ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಮಲಗಿದ್ದ ಅವರಿಗೆ ಇದಾವುದೂ ಗೊತ್ತಿಲ್ಲ, ಬಂದ ಮೇಲೆ ನೀವು ಅವರ ಕೈಗೆ ಬರೀ ಖರೀದಿಯ ಪುಸ್ತಕ ಕೊಟ್ಟಿರಿ ಎಂದು ನಿಮ್ಮ ಪತ್ರದಿಂದ ತಿಳಿದೆ. ಹೇಳಿ ಮುಗಿಸಿದ ಮೇಲೆ, ಅದು ನಿಮಗೆ ಬೇಕೋ ಬೇಡವೋ ಎಂಬುದನ್ನು ನಿಮ್ಮ ಬಾಯಿಂದ, ಆ ನಾಲ್ಕು ಅಕ್ಷರಗಳನ್ನು ಎತ್ತದೆ, ಒಂದೇ ವಾಕ್ಯದಲ್ಲಿ ಹೇಳಿ. ಆ ದಿನ ಭಾವನವರು ಊರಿಗೆ ಬಂದಿದ್ದರೆ ಮುಂದಿನ ಭಾನುವಾರದವರೆಗೆ ಕಾಯಿರಿ.