ಉತ್ತರ: 60 ವ್ಯಾಟ್ ಸ್ಟೇಷನ್ ಸಾಕಾ?

ರೇಡಿಯೋ, ಚಾರ್ಜರ್ ರಿಪೇರಿಗೆ 60 ವ್ಯಾಟ್ ಸೋಲ್ಡರಿಂಗ್ ಸ್ಟೇಷನ್ (ಬಿಸಿ ಹೊಂದಿಸಿಕೊಳ್ಳಬಹುದಾದ ಬೆಸುಗೆ ಸಾಧನ) ಸಾಕಾ, ಜಾಸ್ತಿ ವ್ಯಾಟ್ ಇದ್ದರೆ ಬೋರ್ಡ್ ಸುಟ್ಟುಹೋಗುತ್ತದಾ ಅಂತ ಕೇಳಿದ್ದೀರಿ. ಸಾಕು. ಬೋರ್ಡ್ ಸುಡುವುದು ವ್ಯಾಟಿನಿಂದಲ್ಲ, ಬಿಸಿ ಜಾಸ್ತಿ ಇಟ್ಟು ಒಂದೇ ಕಡೆ ತುಂಬಾ ಹೊತ್ತು ಒತ್ತಿ ಹಿಡಿದರೆ. ವ್ಯಾಟ್ ಅಂದರೆ ತಣ್ಣಗಾದ ಬಿಟ್ಟನ್ನು (ಸೋಲ್ಡರ್ ಕರಗಿಸುವ ಬಿಸಿ ತುದಿಯನ್ನು) ಮತ್ತೆ ಬೇಗ ಕಾಯಿಸುವ ತಾಕತ್ತು, ಅಷ್ಟೇ.

ನಾನಾದರೆ ಮೊದಲು ಬಿಟ್ ನೋಡುತ್ತೇನೆ. ಟಿ12 ಅನ್ನುವ ಬಿಟ್ ಮಾದರಿಯ ತರಹದ್ದರಲ್ಲಿ ಹೀಟರ್, ಬಿಸಿ ಅಳೆಯುವ ಸೆನ್ಸರ್ ಎರಡೂ ಬಿಟ್ಟಿನ ಒಳಗೇ ಇರುತ್ತವೆ. ಹಾಗಾಗಿ ಬೋರ್ಡಿನಲ್ಲಿ ಬಿಸಿ ಹೀರುವ ಅಗಲವಾದ ತಾಮ್ರದ ಗ್ರೌಂಡ್ ಪಟ್ಟಿಗೆ ತಾಗಿಸಿದರೂ ಬಿಸಿ ಬೇಗ ವಾಪಸ್ ಬರುತ್ತದೆ. ಸೂಜಿಮೊನೆ ಬಿಟ್ ನೋಡೋಕೆ ಚೆಂದ, ಶಾಖ ದಾಟಿಸುವುದು ಮಾತ್ರ ಕಡಿಮೆ. ಅದನ್ನು ಹಿಡಿದು ಒದ್ದಾಡಿ ನಾನು ಒಂದೆರಡು ಪ್ಯಾಡ್ (ಬಿಡಿಭಾಗ ಬೆಸೆಯುವ ತಾಮ್ರದ ಬಿಲ್ಲೆ) ಕಿತ್ತಿದ್ದೇನೆ! 2 ಮಿ.ಮೀ. ಆಸುಪಾಸಿನ, ಉಳಿ ಆಕಾರದ್ದು ತಗೊಳ್ಳಿ.

63/37 (63 ಪಾಲು ತವರ, 37 ಪಾಲು ಸೀಸ) ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬಿಟ್ 320–350ರಲ್ಲಿದ್ದರೆ ಆರಾಮ. ಹೊಸ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸೀಸವಿಲ್ಲದ ಸೋಲ್ಡರ್ ಇರುತ್ತದೆ, ಅದು ಸ್ವಲ್ಪ ಹಟಮಾರಿ. ಬಿಚ್ಚುವ ಮೊದಲು ಅದಕ್ಕೆ ಸೀಸದ್ದು ಒಂಚೂರು ಬೆರೆಸಿ, ಸುಲಭವಾಗಿ ಬರುತ್ತದೆ.

ಅರ್ಥಿಂಗ್ ಇರುವ ಮೂರು ಪಿನ್ನಿನ ಸ್ಟೇಷನ್ನೇ ಇರಲಿ. ಸೋಲ್ಡರ್ ಚೆನ್ನಾಗಿ ಹರಿದು ಅಂಟಲು ಹಚ್ಚುವ ಫ್ಲಕ್ಸ್‌ನಲ್ಲಿ ಜಿಪುಣತನ ಬೇಡ. ಆಮೇಲೆ ಚಾರ್ಜರ್ ಅಂದಿರಲ್ವಾ, ಪ್ಲಗ್ ತೆಗೆದ ಮೇಲೂ ಅದರ ದೊಡ್ಡ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು. ಮೀಟರ್ ಹಿಡಿದು ನೋಡಿಯೇ ಕೈ ಹಾಕಿ.